ಬೆಳಕು ಕೆಲಸದ ಬಳಿಗೆ ಬರಲಿ

ಪೇಟೆಯ ಲೈಟಿನ ಅಂಗಡಿಗಳಲ್ಲಿ ಈಚೆಗೆ ಒಂದು ಬಗೆಯ ಗೋಡೆದೀಪ ಕಾಣಸಿಗುತ್ತದೆ. ಗೋಡೆಗೆ ತಿರುಪು ಹಾಕಿ ಕೂರಿಸುವ ಒಂದು ಬಿಲ್ಲೆ, ಅದರಿಂದ ಹೊರಟ ಸಪುರವಾದ ಲೋಹದ ತೋಳು, ತೋಳಿಗೆ ಒಂದೋ ಎರಡೋ ಕೀಲು, ತುದಿಯಲ್ಲಿ ಕವುಚಿದ ಬಟ್ಟಲಿನಂಥ ಶೇಡು. ಹೂಬಳ್ಳಿ, ಚಿನ್ನದ ಬಣ್ಣ, ಗಾಜಿನ ಮಣಿ ಇವು ಯಾವುವೂ ಇಲ್ಲ. ಕಪ್ಪು, ಬಿಳಿ ಅಥವಾ ಬೂದು ಬಣ್ಣ ಅಷ್ಟೇ. ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ತಿರುಗಿಸಬಹುದು. ಇದನ್ನು ಸ್ಕ್ಯಾಂಡಿನೇವಿಯನ್ ಶೈಲಿಯ ದೀಪವೆಂದು ಮಾರುತ್ತಾರೆ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಸ್ವೀಡನ್ ಮೂಲದ ಐಕಿಯಾ ಮಳಿಗೆ ತೆರೆದ ಮೇಲಂತೂ ಈ ಶೈಲಿಯ ಹೆಸರು ಕನ್ನಡಿಗರ ಮನೆಮಾತಿನಲ್ಲೂ ಸೇರಿಕೊಂಡಿದೆ. ಆದರೆ ಕಾಸರಗೋಡು ಜಿಲ್ಲೆಯಲ್ಲಿ ಪಯಸ್ವಿನಿ ಹೊಳೆಯ ದಡದ ನಮ್ಮ ಅಡೂರಿನಲ್ಲಿ, ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಡಕೆ ತೋಟದ ನಡುವಿನ ಮನೆಯಲ್ಲಿ, ಈ ದೀಪಕ್ಕೇನು ಕೆಲಸ? ಇದು ಪೇಟೆಯವರ ಶೋಕಿಯಲ್ಲವೇ? ನನ್ನ ಉತ್ತರ ಇಷ್ಟು: ಈ ದೀಪದ ಚೆಂದವನ್ನು ನಾವು ಎರವಲು ತರಬೇಕಾದ್ದಿಲ್ಲ, ಅದರೊಳಗೆ ಇರುವ ನಿಯಮವನ್ನು ಮಾತ್ರ ತರಬೇಕು. ಬೆಳಕು ಕೋಣೆಗಲ್ಲ, ಕೆಲಸಕ್ಕೆ ಸಲ್ಲಬೇಕು. ಬೆಳಕು ಕಾಣಬೇಕು, ಬಲ್ಬು ಕಾಣಬಾರದು. ದೀಪವೇ ಮನುಷ್ಯನ ಕಡೆಗೆ ತಿರುಗಬೇಕು, ಮನುಷ್ಯ ದೀಪದ ಕಡೆಗಲ್ಲ. ಈ ನಿಯಮ ನಮ್ಮ ಊರಿನ ಮನೆಗಳಿಗೆ ಇನ್ನಾವ ಊರಿಗಿಂತಲೂ ಕಡಿಮೆ ಅಗತ್ಯದ್ದೇನಲ್ಲ.

ಮೊದಲು, ಈಗ ನಮ್ಮ ಮನೆಗಳಲ್ಲಿ ಬೆಳಕು ಎಲ್ಲಿದೆ ಎಂದು ನೋಡೋಣ. ಚಾವಡಿಯ ಗೋಡೆಯ ಎತ್ತರದಲ್ಲಿ, ಜಂತಿಯ ಹತ್ತಿರ, ಒಂದು ಟ್ಯೂಬ್‌ಲೈಟು. ಒಳಕೋಣೆಯಲ್ಲಿ ಬಾಗಿಲಿನ ಮೇಲೆ ಒಂದು ಬಲ್ಬು. ಅಡುಗೆಮನೆಯಲ್ಲೂ ಹಾಗೆಯೇ. ಹಳ್ಳಿಗೆ ಕರೆಂಟು ಬಂದ ಹೊಸತರಲ್ಲಿ ಕೋಣೆಗೊಂದು ಪಾಯಿಂಟ್ ಸಿಕ್ಕಿದರೆ ದೊಡ್ಡದು. ಆ ಒಂದು ಪಾಯಿಂಟಿನಿಂದ ಇಡೀ ಕೋಣೆ ಕಾಣಬೇಕೆಂದರೆ ಅದನ್ನು ಎತ್ತರದಲ್ಲಿಡುವುದೇ ಸರಿಯಾಗಿತ್ತು. ಆ ಕಾಲ ಹೋಯಿತು, ದೀಪದ ಜಾಗ ಮಾತ್ರ ಕದಲಲಿಲ್ಲ. ಇದರ ನಷ್ಟವನ್ನು ಭೌತಶಾಸ್ತ್ರದ ಒಂದು ಸರಳ ಲೆಕ್ಕ ಹೇಳಿಕೊಡುತ್ತದೆ. ಬಲ್ಬಿನಿಂದ ನಾವಿರುವ ದೂರ ಇಮ್ಮಡಿಯಾದರೆ ನಮ್ಮ ಪುಸ್ತಕದ ಮೇಲೆ ಬೀಳುವ ಬೆಳಕು ಅರ್ಧವಾಗುವುದಲ್ಲ, ಕಾಲುಭಾಗವಾಗುತ್ತದೆ. 9 ವಾಟಿನ ಒಂದು ಎಲ್‌ಇಡಿ ಬಲ್ಬು ಸುಮಾರು 800 ಲ್ಯೂಮೆನ್ ಬೆಳಕು ಕೊಡುತ್ತದೆ ಎಂದಿಟ್ಟುಕೊಳ್ಳಿ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ, ಎರಡೂವರೆ ಮೀಟರ್ ದೂರದಲ್ಲಿ ನೆಲದ ಮೇಲೆ ಕೂತು ಓದುವವರ ಪುಟಕ್ಕೆ ನೇರವಾಗಿ ಸಿಗುವುದು ಬರೀ 10 ಲಕ್ಸ್. ಅದೇ ಬಲ್ಬು ಅರ್ಧ ಮೀಟರ್ ಹತ್ತಿರಕ್ಕೆ ಬಂದರೆ 250 ಲಕ್ಸ್. ಗೋಡೆ, ಮಾಡುಗಳಿಂದ ತಿರುಗಿಬರುವ ಬೆಳಕು ಇದಕ್ಕೆ ಸ್ವಲ್ಪ ಸೇರುತ್ತದೆ, ನಿಜ. ಆದರೆ ಸುಣ್ಣ ಕಾಣದ ಮುರಕಲ್ಲು, ಹೊಗೆ ಹಿಡಿದ ಜಂತಿ, ಕಪ್ಪಾದ ಹಂಚು ಇವು ಬೆಳಕನ್ನು ಹಿಂತಿರುಗಿಸುವುದಕ್ಕಿಂತ ನುಂಗುವುದೇ ಹೆಚ್ಚು. ಓದು, ಬರಹಕ್ಕೆ 300ರಿಂದ 500 ಲಕ್ಸ್ ಇರಬೇಕೆಂಬುದು ಬೆಳಕಿನ ಶಾಸ್ತ್ರ ಬಲ್ಲವರ ಸಾಮಾನ್ಯ ಲೆಕ್ಕ. ಅಂದರೆ ನಾವು ಬೆಳಕಿಗೆ ದುಡ್ಡು ಕೊಡುತ್ತಿದ್ದೇವೆ, ಆದರೆ ಅದರ ಬಹುಪಾಲು ಜಂತಿಗೂ ಜೇಡರ ಬಲೆಗೂ ಸಲ್ಲುತ್ತಿದೆ.

ಕರೆಂಟು ಬರುವ ಮೊದಲು ನಮ್ಮವರು ಹೀಗೆ ಮಾಡುತ್ತಿರಲಿಲ್ಲ, ಮಾಡುವಂತೆಯೂ ಇರಲಿಲ್ಲ. ಎಣ್ಣೆಯ ದೀಪದ ಬೆಳಕು ಅಲ್ಪ. ಅದನ್ನು ಕೆಲಸದ ಹತ್ತಿರಕ್ಕೆ ತರದೆ ಗತಿಯಿರಲಿಲ್ಲ. ಆದ್ದರಿಂದ ಗೋಡೆಯಲ್ಲಿ ಬೇಕಾದ ಎತ್ತರಕ್ಕೆ ದೀಪದ ಗೂಡು ಇರುತ್ತಿತ್ತು. ತೂಗುದೀಪಕ್ಕೆ ಸರಪಳಿ ಇರುತ್ತಿತ್ತು, ಕೊಕ್ಕೆಯನ್ನು ಒಂದು ಕೊಂಡಿ ಮೇಲೆ ಅಥವಾ ಕೆಳಗೆ ಸಿಕ್ಕಿಸಿದರೆ ದೀಪದ ಎತ್ತರ ಬದಲಾಗುತ್ತಿತ್ತು. ಚಿಮಿಣಿ ಎಣ್ಣೆಯ ಕಾಲದಲ್ಲಿ ಗೋಡೆಗೆ ತೂಗುವ ಲ್ಯಾಂಪಿನ ಬೆನ್ನಿಗೆ ಹೊಳೆಯುವ ತಗಡಿನ ಒಂದು ಬಿಲ್ಲೆ ಇರುತ್ತಿತ್ತು. ಗೋಡೆಗೆ ಬಿದ್ದು ವ್ಯರ್ಥವಾಗುವ ಬೆಳಕನ್ನು ಅದು ಮುಂದಕ್ಕೆ ತಳ್ಳುತ್ತಿತ್ತು. ಇಂದಿನ ಶೇಡಿನ ಒಳಮೈಗೆ ಬಿಳಿ ಬಣ್ಣ ಬಳಿಯುವುದರ ಹಿಂದೆ ಇರುವುದೂ ಅದೇ ಯೋಚನೆ. ರಾತ್ರಿ ನಡೆಯುವವರ ಕೈಯಲ್ಲಿ ಉರಿಯುವ ಸೂಟೆ ಇರುತ್ತಿತ್ತು. ದೇವಸ್ಥಾನಕ್ಕೇ ಹೋಗಿ ನೋಡಿ: ಅಡೂರಿನ ಮಹಾಲಿಂಗೇಶ್ವರನ ಸನ್ನಿಧಿಯಾಗಲಿ, ಸೀಮೆಯ ಇನ್ನಾವುದೇ ಹಳೆಯ ಗುಡಿಯಾಗಲಿ, ಗರ್ಭಗುಡಿ ಕತ್ತಲೆಯದು. ಅರ್ಚಕರು ಮಂಗಳಾರತಿ ಎತ್ತಿ ಬಿಂಬದ ಬಳಿ ಬೆಳಗಿದಾಗ ಕಣ್ಣಿಗೆ ದರ್ಶನವಾಗುತ್ತದೆ. ಆರತಿಯ ಅರ್ಥ ಬೇರೆ, ಅದನ್ನು ಬೆಳಕಿನ ಲೆಕ್ಕಕ್ಕೆ ಇಳಿಸಲು ನಾನು ಹೊರಟಿಲ್ಲ. ಕಿರಿದಾದ ಬೆಳಕನ್ನು ನೋಡಬೇಕಾದುದರ ಬಳಿಗೆ ಒಯ್ಯುವ ಕ್ರಮ ನಮಗೆ ಹೊಸತಲ್ಲ ಎಂಬಷ್ಟನ್ನೇ ಹೇಳುತ್ತಿದ್ದೇನೆ. ಹಾಗೆಂದು ಹಳೆಯ ದೀಪಗಳನ್ನು ಹೊಗಳಿ ಕೂರುವುದೂ ಬೇಡ. ಹೊಗೆ, ಮಸಿ, ಬೆಂಕಿಯ ಭಯ, ಎಣ್ಣೆಯ ಖರ್ಚು ಇವೆಲ್ಲ ಅವುಗಳ ಜೊತೆಗೇ ಇದ್ದವು. ಕರೆಂಟು ಆ ಕಷ್ಟಗಳನ್ನು ಕಳೆಯಿತು; ಕಳೆಯುವಾಗ, ದೀಪವನ್ನು ಹತ್ತಿರಕ್ಕೆ ತರುವ ಅಭ್ಯಾಸವನ್ನೂ ಕಳೆದುಬಿಟ್ಟಿತು.

ಆ ಅಭ್ಯಾಸ ಪೂರಾ ಅಳಿದಿಲ್ಲ ಎಂಬುದಕ್ಕೆ ಸಾಕ್ಷಿ ಸೂಕ್ಷ್ಮ ಕೆಲಸ ಮಾಡುವವರಲ್ಲಿದೆ. ಕಾಸರಗೋಡಿನ ಮೂಡಣ ಗುಡ್ಡಗಳ ರಬ್ಬರ್ ತೋಟದಲ್ಲಿ ಬೆಳಕು ಹರಿಯುವ ಮೊದಲೇ ಟ್ಯಾಪಿಂಗ್ ಶುರುವಾಗುತ್ತದೆ. ಮರದ ತೊಗಟೆಯನ್ನು ಕೂದಲೆಳೆಯಷ್ಟು ಅಂದಾಜಿನಲ್ಲಿ ಕೊಯ್ಯಬೇಕು; ಆಳವಾದರೆ ಮರಕ್ಕೆ ಗಾಯ, ಮೇಲಾದರೆ ಹಾಲು ಕಡಿಮೆ. ಆ ಕೆಲಸಗಾರರು ತೋಟಕ್ಕೆಲ್ಲ ದೀಪ ಹಾಕಿಸಿ ಎನ್ನುವುದಿಲ್ಲ, ಹಣೆಗೆ ಹೆಡ್‌ಲೈಟು ಕಟ್ಟಿಕೊಳ್ಳುತ್ತಾರೆ. ಕಣ್ಣು ಹೋದಲ್ಲಿಗೆ ಬೆಳಕೂ ಹೋಗುತ್ತದೆ. ದರ್ಜಿಯ ಹೊಲಿಗೆಯಂತ್ರದಲ್ಲಿ ಸೂಜಿಯ ನೆತ್ತಿಯ ಮೇಲೆ ಪುಟ್ಟ ಬಲ್ಬು ಇದೆ. ಚಿನ್ನದ ಕೆಲಸದವರ ಮುಂದೆ, ವಾಚು ರಿಪೇರಿಯವರ ಮುಂದೆ, ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಗ್ಗುವ ದೀಪವಿದೆ. ಅಂಗಡಿಯಲ್ಲಿ, ತೋಟದಲ್ಲಿ, ಆಸ್ಪತ್ರೆಯಲ್ಲಿ ನಾವು ಒಪ್ಪಿಕೊಂಡಿರುವ ನಿಯಮ ಮನೆಯ ಹೊಸಿಲು ದಾಟುವಾಗ ಮಾತ್ರ ಹೊರಗೆ ಉಳಿಯುತ್ತದೆ. ಮನೆಯಲ್ಲಿ ಸೂಕ್ಷ್ಮ ಕೆಲಸ ಇಲ್ಲವೇ? ರಾತ್ರಿ ಮೆಟ್ಟುಕತ್ತಿಯ ಮುಂದೆ ಕೂತು ಅಡಕೆ ಸುಲಿಯುವವರ ಬೆರಳು ಅಲಗಿನ ಬಳಿಯೇ ಆಡುತ್ತಿರುತ್ತದೆ. ಬೀಡಿ ಕಟ್ಟುವ ಹೆಂಗಸರು ಎಲೆಯ ನರ ನೋಡಿ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿಯುವ ಕೆಲಸವನ್ನು ಮನೆಯ ಜಗಲಿಯಲ್ಲೇ ಮಾಡುತ್ತಾರೆ. ಅಕ್ಕಿಯ ಕಲ್ಲು ಆರಿಸುವುದು, ಮಾತ್ರೆಯ ಚೀಟಿ ಓದುವುದು, ಮಕ್ಕಳ ಪಾಠ ಇವೆಲ್ಲ ಇದೇ ಸಾಲಿನವು. ಇವರೆಲ್ಲ ಬೆಳಕಿಗೆ ಬೆನ್ನು ಮಾಡಿ, ತಮ್ಮ ತಲೆಯ ನೆರಳಿನಲ್ಲೇ ಕೆಲಸ ಮಾಡುವುದನ್ನು ನಾವು ಸಹಜವೆಂದು ತಿಳಿದಿದ್ದೇವೆ.

ಈಗ ಉತ್ತರ ಯುರೋಪಿನವರು ಏನು ಮಾಡಿದರೆಂದು ಕೇಳಿ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸೆನ್ ಹುಟ್ಟಿದ್ದು 1894ರಲ್ಲಿ, ಸೀಮೆಎಣ್ಣೆ ದೀಪದ ಕಾಲದಲ್ಲಿ. ವಿದ್ಯುತ್ ಬಲ್ಬು ಮನೆಗೆ ಬಂದಾಗ ಅದರ ಬರಿಮೈ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಮುಖಗಳನ್ನು ಒರಟು ಮಾಡುತ್ತದೆ ಎಂಬುದು ಅವರ ತಕರಾರು. 1920ರ ದಶಕದ ನಡುವೆ ಅವರು ಒಂದರ ಕೆಳಗೊಂದು ಮೂರು ಶೇಡುಗಳಿರುವ ದೀಪ ರೂಪಿಸಿದರು. ಶೇಡಿನ ಬಾಗನ್ನು ಗಣಿತದ ಒಂದು ಸುರುಳಿಗೆರೆಯ ಆಧಾರದ ಮೇಲೆ ಲೆಕ್ಕ ಹಾಕಿದ್ದರಿಂದ ಬೆಳಕು ಹದವಾಗಿ ಹರಡುತ್ತಿತ್ತು, ಬಲ್ಬು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಲೂಯಿ ಪೌಲ್ಸೆನ್ ಕಂಪನಿ ತಯಾರಿಸಿದ ಆ ಪಿಎಚ್ ದೀಪಗಳ ವಂಶ ಇಂದಿಗೂ ಮಾರಾಟದಲ್ಲಿದೆ. ಬಗ್ಗುವ ತೋಳಿನ ಕತೆ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅದರ ಮೂಲ ಸ್ಕ್ಯಾಂಡಿನೇವಿಯವೇ ಅಲ್ಲ. ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೀನ್ ಕಾರುಗಳ ಸಸ್ಪೆನ್ಷನ್ ಬಲ್ಲ ಎಂಜಿನಿಯರ್. ಭಾರವನ್ನು ಸ್ಪ್ರಿಂಗಿನಿಂದ ತೂಗಿಸಿ, ಬಿಟ್ಟಲ್ಲೇ ನಿಲ್ಲುವ ತೋಳನ್ನು ಅವರು 1932ರ ಹೊತ್ತಿಗೆ ಕಂಡುಹಿಡಿದು ಪೇಟೆಂಟ್ ಪಡೆದರು. ಆಂಗಲ್‌ಪಾಯ್ಸ್ ಎಂಬ ಹೆಸರಿನ ಆ ದೀಪದ ತೋಳು ನಮ್ಮ ಹೆಗಲು, ಮೊಣಕೈ, ಮಣಿಕಟ್ಟುಗಳ ಹಾಗೆಯೇ ಮಡಚುತ್ತದೆ, ಚಾಚುತ್ತದೆ. ನಾರ್ವೆಯ ಯಾಕ್ ಯಾಕೋಬ್ಸೆನ್ ಅದರ ಹಕ್ಕು ಪಡೆದು, ರೂಪವನ್ನು ತಿದ್ದಿ, 1937ರಲ್ಲಿ ಲಕ್ಸೊ ಎಲ್-1 ಎಂಬ ದೀಪ ಹೊರತಂದರು. 1950ರ ದಶಕದ ಕೊನೆಗೆ ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸೆನ್ ಕೋಪನ್‌ಹೇಗನ್ನಿನ ಒಂದು ಹೋಟೆಲಿಗಾಗಿ ರೂಪಿಸಿದ ಓರೆ ಶೇಡಿನ ದೀಪಕ್ಕೆ ಗೋಡೆಯ ಮಾದರಿಯೂ ಇತ್ತು. ಹೀಗೆ ಇಂಗ್ಲೆಂಡಿನ ಸ್ಪ್ರಿಂಗನ್ನು ನಾರ್ವೆಯವರು ತಮ್ಮದಾಗಿಸಿಕೊಂಡರು. ಇನ್ನೊಬ್ಬರ ಯುಕ್ತಿಯನ್ನು ತಮ್ಮ ಮನೆಯ ಅಳತೆಗೆ ಹೊಂದಿಸಿಕೊಳ್ಳುವುದು ಸ್ಕ್ಯಾಂಡಿನೇವಿಯದವರೇ ಮಾಡಿದ ಕೆಲಸ; ಅದನ್ನು ನಾವು ಮಾಡಿದರೆ ನಕಲು ಎಂದು ನಾಚಬೇಕಾಗಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಅವರದು ಕತ್ತಲೆಯ ನಾಡು, ದೀಪದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಅವರಿಗೆ ಸರಿ. ಬಿಸಿಲು ಸುರಿಯುವ ನಮಗೇಕೆ? ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ಹಗಲು ಏಳು ಗಂಟೆ ಮಾತ್ರ, ಸೂರ್ಯ ಮುಳುಗುವುದು ಮಧ್ಯಾಹ್ನ ಮೂರೂಮುಕ್ಕಾಲಿನ ಒಳಗೆ. ಇದು ನಿಜ. ಆದರೆ ಅದೇ ಊರಿನ ಜೂನ್ ತಿಂಗಳ ಹಗಲು ಹದಿನೇಳೂವರೆ ಗಂಟೆ. ಆಗ ಮಲಗುವವರೆಗೂ ದೀಪ ಬೇಡ. ವರ್ಷದ ಒಟ್ಟು ಲೆಕ್ಕ ತೆಗೆದರೆ ಭೂಮಿಯ ಯಾವ ಊರಿನಲ್ಲೂ ಹಗಲಿನ ಪಾಲು ಹೆಚ್ಚುಕಡಿಮೆ ಅರ್ಧವೇ. ಅವರಿಗೆ ಕತ್ತಲೆ ಚಳಿಗಾಲದಲ್ಲಿ ಒಟ್ಟಾಗಿ ಬರುತ್ತದೆ, ನಮಗೆ ದಿನವೂ ಕಂತಿನಲ್ಲಿ ಬರುತ್ತದೆ. ಅಡೂರಿನಲ್ಲಿ ವರ್ಷದ ಯಾವ ದಿನವಾದರೂ ಸೂರ್ಯ ಮುಳುಗುವುದು ಸಂಜೆ ಆರರಿಂದ ಏಳರ ಆಸುಪಾಸಿನಲ್ಲಿ. ಅಂದರೆ ಮಕ್ಕಳ ಓದು, ಅಡುಗೆ, ಊಟ, ತೋಟದ ಲೆಕ್ಕ, ಇರುಳ ಕೈಕೆಲಸ ಇವೆಲ್ಲ ವರ್ಷದ ಎಲ್ಲ ದಿನವೂ ದೀಪದ ಬೆಳಕಿನಲ್ಲೇ ನಡೆಯಬೇಕು. ಅದರ ಮೇಲೆ ನಮ್ಮ ಮಳೆಗಾಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಇರಚಲು ತಡೆಯಲು ಮಾಡನ್ನು ಇಳಿಸಿ ಕಟ್ಟಿದ ಮನೆ, ಸುತ್ತ ಅಡಕೆ, ತೆಂಗಿನ ನೆರಳು, ಮೇಲೆ ಕಪ್ಪು ಮೋಡ. ಮಳೆ ಬಿಡದ ಆಟಿ ತಿಂಗಳಲ್ಲಿ ನಡುಹಗಲಿಗೂ ಒಳಕೋಣೆಯಲ್ಲಿ ಅಕ್ಷರ ಕಾಣದು. ಮಾಡಿನ ನಡುವೆ ಒಂದೆರಡು ಗಾಜಿನ ಹಂಚು ಕೂರಿಸುವ ಪದ್ಧತಿ ಬಂದುದೇ ಈ ಕಾರಣಕ್ಕೆ. ಕತ್ತಲೆ ನಮಗೂ ಸಾಕಷ್ಟಿದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಇದ್ದೇವೆ ಅಷ್ಟೇ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಎಲ್‌ಇಡಿ ಅಗ್ಗವಾಗಿದೆ, ಒಂದು ಟ್ಯೂಬಿನ ಜಾಗದಲ್ಲಿ ಎರಡು ಹಾಕಿದರಾಯಿತು, ಬಗ್ಗುವ ದೀಪವೇಕೆ? ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮರುವರ್ಷ ಜನವರಿಯಲ್ಲಿ ಕೇಂದ್ರ ಸರಕಾರದ ಉಜಾಲಾ ಯೋಜನೆ ಆರಂಭವಾಗಿ ಎಲ್‌ಇಡಿ ಬಲ್ಬು ಬಡವರ ಮನೆಗೂ ತಲುಪಿತು. ಬೆಳಕಿನ ಪ್ರಮಾಣ ಈಗ ತೊಂದರೆಯಲ್ಲ, ಒಪ್ಪಿದೆ. ತೊಂದರೆ ಅದು ಬರುವ ದಿಕ್ಕಿನದು. ಟ್ಯೂಬು ಎರಡಾದರೂ ತಲೆಯ ನೆರಳು ಪುಸ್ತಕದ ಮೇಲೆ ಬೀಳುವುದು ತಪ್ಪುವುದಿಲ್ಲ. ಬರಿಮೈ ದೀಪ ಕಣ್ಣಿಗೆ ನೇರವಾಗಿ ಹೊಡೆದರೆ ಪಾಪೆ ಕುಗ್ಗುತ್ತದೆ, ಆಗ ಎದುರಿನ ಮಂದ ವಸ್ತು ಇನ್ನೂ ಮಂದವಾಗುತ್ತದೆ. ಬೆಳಕು ಹೆಚ್ಚಿಸಿದಷ್ಟೂ ಕಾಣುವುದು ಕಡಿಮೆಯಾಗುವ ವಿಚಿತ್ರ ಇದು. ಇನ್ನು ವಯಸ್ಸಿನ ಮಾತು. ಅರವತ್ತು ದಾಟಿದವರ ಕಣ್ಣಿನ ಮಸೂರ ಹಳದಿಯಾಗಿ, ಪಾಪೆ ಕಿರಿದಾಗಿ, ಇಪ್ಪತ್ತರ ಪ್ರಾಯದವರ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಒಳಹೋಗುತ್ತದೆ. ಅದೇ ವಯಸ್ಸಿನಲ್ಲಿ ಕಣ್ಣು ಕುಕ್ಕುವ ಬೆಳಕನ್ನು ತಾಳುವ ಶಕ್ತಿಯೂ ಇಳಿಯುತ್ತದೆ. ಅಜ್ಜನ ಪತ್ರಿಕೆಗೆ ಮೊಮ್ಮಗನ ಪುಸ್ತಕಕ್ಕಿಂತ ಹೆಚ್ಚು ಬೆಳಕು ಬೇಕು, ಆದರೆ ಅಜ್ಜನ ಕಣ್ಣಿಗೆ ಬಲ್ಬು ಕಾಣಬಾರದು. ಮಾಡಿನಡಿಯ ಟ್ಯೂಬಿಗೆ ಈ ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಶೇಡಿರುವ, ತಿರುಗುವ, ಹತ್ತಿರ ಬರುವ ದೀಪ ಮಾಡುತ್ತದೆ.

ಚಾವಡಿಯ ಒಂದೇ ಬೆಳಕಿನಲ್ಲಿ ಮನೆಮಂದಿಯೆಲ್ಲ ಕೂಡುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ದೀಪ ಕೊಟ್ಟರೆ ಮನೆ ಚೂರಾಗುವುದಿಲ್ಲವೇ ಎಂಬುದು ಮೂರನೆಯ ಪ್ರಶ್ನೆ. ಮನೆಯನ್ನು ಚೂರು ಮಾಡುವ ಕೆಲಸ ಮೊಬೈಲಿನ ಪರದೆ ಆಗಲೇ ಮಾಡಿದೆ. ಆ ಹೊರೆಯನ್ನು ದೀಪದ ತಲೆಗೆ ಕಟ್ಟಬೇಕಿಲ್ಲ. ವಾಸ್ತವದಲ್ಲಿ, ಒಟ್ಟಿಗೆ ಇರುವವರಿಗೇ ಈ ದೀಪದ ಉಪಕಾರ ಹೆಚ್ಚು. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ಮಗಳು, ಬೆಳಿಗ್ಗೆ ನಾಲ್ಕಕ್ಕೆ ಟ್ಯಾಪಿಂಗಿಗೆ ಏಳಬೇಕಾದ ಅಪ್ಪ, ಕಾಯಿಲೆಯ ಅಜ್ಜಿ, ಮೂವರೂ ಒಂದೇ ಕೋಣೆಯಲ್ಲಿರುವ ಮನೆಗಳಿವೆ. ಟ್ಯೂಬು ಉರಿದರೆ ಇಬ್ಬರಿಗೆ ನಿದ್ದೆಯಿಲ್ಲ, ಆರಿದರೆ ಒಬ್ಬಳಿಗೆ ಓದಿಲ್ಲ. ಶೇಡನ್ನು ಪುಸ್ತಕದ ಕಡೆಗೆ ಬಗ್ಗಿಸಿದರೆ ಈ ಜಗಳ ಅರ್ಧಕ್ಕರ್ಧ ತೀರುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲೇ ಹೇಳಬೇಕು. ಕೋಣೆ ಕಗ್ಗತ್ತಲು, ಪುಟ ಮಾತ್ರ ಬೆಳ್ಳಗೆ ಎಂಬಂತಿದ್ದರೆ ಕಣ್ಣು ಪ್ರತಿ ಸಲ ತಲೆಯೆತ್ತಿದಾಗಲೂ ಹೊಂದಿಕೊಳ್ಳಲು ಹೆಣಗಿ ದಣಿಯುತ್ತದೆ. ಬೆಳಕಿನ ಸ್ವಲ್ಪ ಪಾಲು ಗೋಡೆಗೆ ತಾಗಿ ಹಿಂತಿರುಗುವಂತಿರಬೇಕು, ಅಥವಾ ಮೂಲೆಯಲ್ಲಿ ಒಂದು ಸಣ್ಣ ಬಲ್ಬು ಇರಬೇಕು. ಗೋಡೆದೀಪ ಟ್ಯೂಬನ್ನು ಓಡಿಸಲು ಬಂದದ್ದಲ್ಲ, ಅದರ ಮೇಲಿನ ಅತಿಭಾರವನ್ನು ಇಳಿಸಲು ಬಂದದ್ದು.

ಇನ್ನು ನಮ್ಮ ಊರಿನ ಹವೆಗೂ ಗೋಡೆಗೂ ಇದು ಒಗ್ಗುತ್ತದೆಯೇ ಎಂಬ ಕೆಲಸದ ಪ್ರಶ್ನೆ. ಇದು ನ್ಯಾಯವಾದ ಸಂಶಯ. ಚಳಿನಾಡಿನ ಒಣ ಕೋಣೆಗೆ ಮಾಡಿದ್ದು ಆಟಿಯ ತೇವಕ್ಕೆ ಬಾಳಬೇಕೆಂದಿಲ್ಲ. ಕಬ್ಬಿಣದ ಸ್ಪ್ರಿಂಗು, ಬಣ್ಣ ಹಾರಿದ ಕೀಲು ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯಬಹುದು. ಆದ್ದರಿಂದ ಸ್ಪ್ರಿಂಗಿನದಕ್ಕಿಂತ ತಿರುಪು ಬಿಗಿಯುವ ಹಿತ್ತಾಳೆ ಅಥವಾ ಅಲ್ಯುಮಿನಿಯಮ್ ಕೀಲು ನಮಗೆ ಮೇಲು. ಮುರಕಲ್ಲು ತೂತುತೂತಾದ ಕಲ್ಲು; ತೋಳು ಚಾಚಿದಾಗ ಬಿಲ್ಲೆಯ ಮೇಲ್ತುದಿ ಗೋಡೆಯಿಂದ ಕಿತ್ತುಬರಲು ಎಳೆಯುತ್ತದೆ. ಹಾಗಾಗಿ ಗಾರೆಯ ಪದರದಲ್ಲಿ ನಿಲ್ಲುವ ಗಿಡ್ಡ ಸ್ಕ್ರೂ ಸಾಲದು, ಕಲ್ಲಿನೊಳಕ್ಕೆ ಆಳವಾಗಿ ಕೊರೆದು ಬೆಣೆ ಕೂರಿಸಬೇಕು, ತೋಳು ಗಿಡ್ಡವಿದ್ದಷ್ಟೂ ಒಳ್ಳೆಯದು. ಕೀಲಿನಲ್ಲಿ ದಿನವೂ ತಿರುಚುವ ವಯರು ಒಳಗೊಳಗೇ ಸವೆಯುತ್ತದೆ. ಮೈ ಲೋಹದ್ದಾದರೆ ಅರ್ತಿಂಗ್ ಇಲ್ಲದೆ ಹಾಕಿಸಲೇಬಾರದು. ಮೊದಲ ಮಳೆಗೆ ದೀಪಕ್ಕೆ ಮುತ್ತುವ ಮಳೆಹಾತೆಯ ಕಾಟ ಎಲ್ಲರಿಗೂ ಗೊತ್ತು. ನೀಲಿಯ ಅಂಶ ಹೆಚ್ಚಿರುವ 6500 ಕೆಲ್ವಿನ್ನಿನ ಬಿಳಿ ಬೆಳಕಿಗಿಂತ 2700 ಕೆಲ್ವಿನ್ನಿನ ಹಳದಿ ಬೆಳಕಿಗೆ ಹುಳಗಳು ಬರುವುದು ಕಡಿಮೆ. ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ಯುರೋಪಿನ ದೀಪ ಕುರ್ಚಿಯಲ್ಲಿ ಕೂತವರ ಲೆಕ್ಕದ್ದು. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದವರ ಕಣ್ಣು ಸುಮಾರು ಎರಡೂವರೆ ಅಡಿ. ದೀಪವನ್ನು ಅಷ್ಟೇ ಕೆಳಗೆ ಕೂರಿಸದಿದ್ದರೆ ಶೇಡಿನ ಬಾಯೊಳಗಿನ ಬಲ್ಬು ಕೂತವರ ಕಣ್ಣಿಗೇ ಹೊಡೆಯುತ್ತದೆ, ದೀಪ ತಂದ ಉದ್ದೇಶವೇ ಕೆಡುತ್ತದೆ. ಮೇಜುಗಳು ಕಡಿಮೆಯಿರುವ, ನೆಲದಲ್ಲೇ ಹೆಚ್ಚು ಕೆಲಸ ನಡೆಯುವ ಮನೆಗೆ ಮೇಜುದೀಪಕ್ಕಿಂತ ಗೋಡೆದೀಪ ಸರಿಹೊಂದುವುದೂ ಇದೇ ಕಾರಣಕ್ಕೆ: ಅದು ಕಾಲಿಗೆ ತೊಡಕುವುದಿಲ್ಲ, ಗುಡಿಸಲು, ಒರಸಲು ಅಡ್ಡಿಯಿಲ್ಲ.

ಕೊನೆಯದು ದುಡ್ಡಿನ ಮಾತು. ಡೆನ್ಮಾರ್ಕಿನ ಹೆಸರುವಾಸಿ ದೀಪದ ಬೆಲೆಗೆ ಇಲ್ಲಿ ಒಂದು ಕೋಣೆಯ ವಯರಿಂಗೇ ಮುಗಿದೀತು. ಅದನ್ನು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸ್ವೀಡನ್ನಿನ ಲೇಖಕಿ ಎಲ್ಲೆನ್ ಕೇ 1899ರಲ್ಲಿ ಬರೆದ ಪುಸ್ತಕದ ಹೆಸರಿನ ಅರ್ಥ ‘ಎಲ್ಲರಿಗೂ ಸೌಂದರ್ಯ’ ಎಂದು. 1919ರಲ್ಲಿ ಅಲ್ಲಿಯವರೇ ಆದ ಗ್ರೆಗೊರ್ ಪಾಲ್ಸನ್ ದಿನಬಳಕೆಯ ವಸ್ತುಗಳೇ ಹೆಚ್ಚು ಚೆಂದವಾಗಬೇಕೆಂದು ಒಂದು ಕಿರುಹೊತ್ತಗೆ ಬರೆದರು. ಕೂಲಿಯವರ ಮನೆಯ ಬಟ್ಟಲು, ಕುರ್ಚಿ, ದೀಪ ಸಾಫಾಗಿ, ಗಟ್ಟಿಯಾಗಿ ಇರಲಿ ಎಂಬ ಯೋಚನೆಯಿಂದ ಬೆಳೆದ ಶೈಲಿಯೊಂದು ಇಂದು ಉಳ್ಳವರ ಬೈಠಕ್‌ಖಾನೆಯ ಗುರುತಾಗಿದ್ದರೆ ಅದು ಮಾರಾಟದ ಮಹಿಮೆ. ಮೂಲ ಯೋಚನೆಗೆ ನಿಷ್ಠೆ ತೋರುವ ದಾರಿ ನಮ್ಮಲ್ಲೇ ಇದೆ. ಹಿಂದಿನ ತಂತಿಬಲ್ಬು ಕುದಿಯುತ್ತಿತ್ತು, ಅದರ ಸುತ್ತ ಕಾಗದ, ಮರ ಇಡಲು ಹೆದರಬೇಕಿತ್ತು. 5 ವಾಟಿನ ಎಲ್‌ಇಡಿಯ ಬಿಸಿ ಅಲ್ಪ. ಗಾಳಿಯಾಡಲು ಜಾಗ ಬಿಟ್ಟರೆ ಶೇಡನ್ನು ಬಿದಿರಿನಿಂದ, ಮಣ್ಣಿನಿಂದ, ನಮ್ಮಲ್ಲಿ ತಟ್ಟೆಗಳನ್ನು ಒತ್ತಿ ತೆಗೆಯುವ ಅಡಕೆ ಹಾಳೆಯಿಂದಲೂ ಮಾಡಿನೋಡಬಹುದು. ತೋಳನ್ನು ಊರಿನ ವೆಲ್ಡಿಂಗ್ ಶೆಡ್ಡಿನವರೋ ಆಚಾರಿಗಳೋ ಮಾಡಿಕೊಡಬಲ್ಲರು. ಕರೆಂಟಿನ ಭಾಗ ಮಾತ್ರ ಕಲಿತ ಕೈಯಲ್ಲೇ ಆಗಬೇಕು. ಬಿಲ್ಲಿನ ಉಳಿತಾಯವನ್ನು ನಾನು ದೊಡ್ಡದು ಮಾಡುವುದಿಲ್ಲ: 20 ವಾಟಿನ ಟ್ಯೂಬು ಐದು ಗಂಟೆ ಉರಿದರೂ ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು ಅಷ್ಟೇ. ಆದರೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿ ಇನ್ವರ್ಟರಿನ ಬ್ಯಾಟರಿಗೆ 20 ವಾಟಿಗೂ 5 ವಾಟಿಗೂ ಇರುವ ಅಂತರ ನಾಲ್ಕುಪಟ್ಟು ಹೊತ್ತು.

ಆದ್ದರಿಂದ ಮಾನ್ಯ ಕೇಳುಗರೇ, ಹೊಸ ಮನೆ ಕಟ್ಟಿಸುವವರು ವಯರಿಂಗ್‌ನವರ ಕೈಗೆ ನಕ್ಷೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಕೋಣೆಯಲ್ಲಿ ಯಾರು, ಎಲ್ಲಿ ಕೂತು, ಏನು ಮಾಡುತ್ತಾರೆ? ಆ ಜಾಗಕ್ಕೊಂದು ಪಾಯಿಂಟು ತಗ್ಗಿನಲ್ಲಿ ಇರಲಿ. ಗೋಡೆ ಕಟ್ಟುವಾಗಲೇ ಬಿಟ್ಟರೆ ಖರ್ಚು ಕಡಿಮೆ, ಆಮೇಲೆ ಗೋಡೆ ಒಡೆಯುವುದೇ ದುಬಾರಿ. ಹಳೆಯ ಮನೆಯವರು ಇರುವ ಪ್ಲಗ್ಗಿನಿಂದಲೇ ಒಂದು ದೀಪ ಇಳಿಸಿ ನೋಡಲಿ. ಅಂಗಡಿಗೆ ಹೋದವರು ಹೆಸರು, ಬಣ್ಣಗಳನ್ನು ನಂಬದೆ ಮೂರು ಪರೀಕ್ಷೆ ಮಾಡಲಿ: ತಿರುಗಿಸಿ ಬಿಟ್ಟ ತೋಳು ಬಿಟ್ಟಲ್ಲೇ ನಿಲ್ಲುತ್ತದೆಯೇ, ನಾವು ಕೂರುವ ಎತ್ತರದಿಂದ ಬಲ್ಬು ಕಣ್ಣಿಗೆ ಬೀಳದೆ ಇರುತ್ತದೆಯೇ, ಬಲ್ಬು ಕೆಟ್ಟರೆ ನಮ್ಮ ಪೇಟೆಯಲ್ಲೇ ಸಿಗುವ ಬಲ್ಬು ಅದಕ್ಕೆ ಹೊಂದುತ್ತದೆಯೇ. ಮೂರರಲ್ಲಿ ಒಂದು ತಪ್ಪಿದರೂ ಅದು ಗೋಡೆಯ ಅಲಂಕಾರವಷ್ಟೇ, ಎಷ್ಟೇ ಬೆಲೆಯದಾದರೂ ಬೇಡ. ಮೂರೂ ಒದಗಿದರೆ, ಅದನ್ನು ಮಾಡಿದವರು ಕೋಪನ್‌ಹೇಗನ್ನಿನವರಾಗಲಿ ನಮ್ಮ ಮುಳ್ಳೇರಿಯದ ವೆಲ್ಡರ್ ಆಗಲಿ, ದೀಪ ತನ್ನ ಕೆಲಸ ಮಾಡುತ್ತದೆ. ಮನೆಯಲ್ಲಿ ಮೊದಲ ದೀಪ ಯಾರ ಪಾಲಿಗೆ ಎಂಬ ಪ್ರಶ್ನೆ ಬಂದರೆ ಚಾವಡಿಯ ಸೋಫಾದ ಪಕ್ಕಕ್ಕಲ್ಲ, ರಾತ್ರಿ ಹೆಚ್ಚು ಹೊತ್ತು ಕೈ ಆಡಿಸುವವರ ಪಕ್ಕಕ್ಕೆ ಅದು ಹೋಗಬೇಕು. ಹೆಚ್ಚಿನ ಮನೆಗಳಲ್ಲಿ ಅದು ಅಡುಗೆಮನೆಯೋ, ಬೀಡಿಯ ಮೊರವಿರುವ ಮೂಲೆಯೋ ಆಗಿರುತ್ತದೆ.